ಕಿರುಬೆರಳು ಎತ್ತಲಾರದವಳು

ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾನು ಅಂದಿನ ದಿನಪತ್ರಿಕೆಯನ್ನು ಸುರುಳಿ ಸುತ್ತಿ ಹುರುಳಿಯ ಮುಂದೆ ಎತ್ತಿ ಹಿಡಿದೆ. ಹೊಡೆಯಲಿಲ್ಲ. ಹೊಡೆಯುವ ಉದ್ದೇಶವೂ ಇರಲಿಲ್ಲ. ಪಕ್ಕದ ನೆಲಕ್ಕೆ ಪಟ್ಟೆಂದು ಬಡಿದು ಸದ್ದು ಮಾಡಿದರೆ ಸಾಕು, ನಾಯಿಗೆ ತನ್ನ ತಪ್ಪು ತಿಳಿಯುತ್ತದೆ ಎಂದು ಎದುರುಮನೆಯವರು ಹೇಳಿದ್ದನ್ನು ಪರೀಕ್ಷಿಸಲು ಹೊರಟಿದ್ದೆ, ಅಷ್ಟೆ. ಆದರೆ ಪತ್ರಿಕೆ ಕೆಳಗಿಳಿಯುವ ಮೊದಲೇ ಅವಳ ಕಿವಿಗಳೆರಡೂ ತಲೆಗೆ ಅಂಟಿಕೊಂಡವು, ಬಾಲ ಹೊಟ್ಟೆಯಡಿ ಸೇರಿತು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಅವಳು ಮೆಲ್ಲಗೆ ಒಂದು ಮಗ್ಗುಲಿಗೆ ಒರಗಿದಳು, ಹಿಂಗಾಲೊಂದನ್ನು ಮೇಲೆತ್ತಿ ಹೊಟ್ಟೆಯನ್ನು ತೋರಿಸಿದಳು. ಅವಳ ಅಡಿಯಿಂದ ಹೊರಟ ಸಣ್ಣದೊಂದು ಧಾರೆ ನಡುಮನೆಯ ರೆಡ್ ಆಕ್ಸೈಡ್ ನೆಲದ ಇಳಿಜಾರನ್ನು ಹುಡುಕಿಕೊಂಡು ಹರಿದು ನನ್ನ ಕಾಲಿನ ಹೆಬ್ಬೆರಳಿಗೆ ಬಂದು ತಾಗಿತು. ಬೆಚ್ಚಗಿತ್ತು.

ಹುರುಳಿ ಮೈಸೂರಿನ ನಮ್ಮ ಮನೆಗೆ ಬಂದು ಅಂದಿಗೆ 23 ದಿನ. ಹುರಿದ ಹುರುಳಿಕಾಳಿನ ಬಣ್ಣದವಳೆಂದು ಆ ಹೆಸರಿಟ್ಟವಳು ನನ್ನ ಹೆಂಡತಿ. ರಸ್ತೆಯಲ್ಲಿ ಯಾವುದೋ ವಾಹನ ಗುದ್ದಿ ಹಿಂಗಾಲು ಮುರಿದುಕೊಂಡಿದ್ದವಳನ್ನು ಊರಾಚೆಯ ಒಂದು ಆಶ್ರಯತಾಣದವರು ಎತ್ತಿಕೊಂಡು ಹೋಗಿ ವಾಸಿ ಮಾಡಿದ್ದರು; ಈಗಲೂ ಓಡುವಾಗ ಆ ಕಾಲು ಅರ್ಧ ತಾಳ ತಪ್ಪುತ್ತದೆ. ಹಲ್ಲು ನೋಡಿದ ವೈದ್ಯೆ ಎರಡು ವರ್ಷವಿರಬಹುದೆಂದರು. ಒಂದು ಕಿವಿಯ ಅಂಚಿನಲ್ಲಿ ಸಂತಾನಹರಣ ಚಿಕಿತ್ಸೆಯ ಗುರುತಾದ ಕಚ್ಚು ಇದೆ. ಬೀದಿಯಲ್ಲಿ ಸಿಕ್ಕವರೆಲ್ಲ ‘ಯಾವ ಜಾತಿ?’ ಎಂದು ಕೇಳುತ್ತಾರೆ. ಸಣ್ಣ ನಡುವನ್ನು ನೋಡಿ ‘ಮುಧೋಳವೇ?’ ಎಂದು ತಾವೇ ಉಪಕಾರ ಮಾಡುವವರೂ ಇದ್ದಾರೆ. ‘ಬೀದಿನಾಯಿ’ ಎಂದಾಗ ಅವರ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡಿ ನೋಡಿ, ಈಗೀಗ ನನಗೆ ಆ ಪದವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುವ ಚಟ ಹತ್ತಿದೆ.

ನಾನು 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವನು. ‘ಸಾ, ಒಂದಕ್ಕೆ’ ಎಂದು ಎತ್ತಿದ ಕಿರುಬೆರಳುಗಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಯಾವ ಬೆರಳು ನಿಜದ್ದು, ಯಾವುದು ಗುಣಾಕಾರದ ಮಗ್ಗಿಯಿಂದ ತಪ್ಪಿಸಿಕೊಳ್ಳುವ ಬೆರಳು ಎಂಬುದನ್ನು ಹುಡುಗನ ಮೊಣಕಾಲು ನೋಡಿಯೇ ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಆದ್ದರಿಂದ ನಾಯಿಯೊಂದಕ್ಕೆ ಶೌಚದ ಶಿಸ್ತು ಕಲಿಸುವುದು ಏನು ಮಹಾ ಎಂದುಕೊಂಡೆ. ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು ಗೆರೆ ಎಳೆದು, ಸಮಯ, ಸ್ಥಳ, ಷರಾ ಎಂದು ಕಲಮುಗಳನ್ನು ಮಾಡಿ, ಹಾಜರಿ ಪುಸ್ತಕದಂತೆ ತುಂಬತೊಡಗಿದೆ. ಎದ್ದ ಕೂಡಲೇ ಒಮ್ಮೆ, ಊಟವಾದ ಕಾಲು ಗಂಟೆಗೊಮ್ಮೆ, ಆಟವಾದ ಮೇಲೊಮ್ಮೆ, ಮಲಗುವ ಮುಂಚೆ ಒಮ್ಮೆ ಹೊರಗೆ ಕರೆದೊಯ್ಯಬೇಕೆಂಬ ನಿಯಮವನ್ನು ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಬರೆಸಿದ್ದಳು.

ನಿಯಮದಲ್ಲಿ ಕೊರತೆ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಕೊರಳಪಟ್ಟಿಗೆ ಹಗ್ಗ ಹಾಕಿ ಪಾರ್ಕಿಗೆ ಕರೆದೊಯ್ದರೆ, ಇಬ್ಬನಿಯ ಹುಲ್ಲಿನ ಮೇಲೆ ಅವಳು ಕೆಂಡದ ಮೇಲೆ ಕಾಲಿಡುವವಳಂತೆ ಒಂದೊಂದೇ ಪಾದ ಎತ್ತಿ ಇಡುತ್ತಿದ್ದಳು. ನಲವತ್ತೈದು ನಿಮಿಷ ಸುತ್ತಿದರೂ ಒಂದು ಹನಿ ಇಲ್ಲ. ಮನೆಗೆ ಬಂದು ಹೊಸ್ತಿಲು ದಾಟಿ ನಡುಮನೆಯ ನುಣ್ಣನೆಯ ನೆಲ ಕಾಲಿಗೆ ತಾಗಿತೋ ಇಲ್ಲವೋ, ದೇವರ ಮನೆಯ ಬಾಗಿಲಿನಿಂದ ಎರಡು ಮಾರು ದೂರದಲ್ಲಿ, ದೊಡ್ಡ ಭಾರ ಇಳಿಸಿದವಳ ನೆಮ್ಮದಿಯಿಂದ, ಕಣ್ಣರೆ ಮುಚ್ಚಿಕೊಂಡು ಕೂರುತ್ತಿದ್ದಳು. ‘ರೀ, ಇವಳು ಪಾರ್ಕಿಗೆ ಗಾಳಿ ಸೇವನೆಗೆ ಹೋಗ್ತಾಳೆ, ಮನೆಗೆ ಇದಕ್ಕೆ ಬರ್ತಾಳೆ’ ಎಂದು ನನ್ನ ಹೆಂಡತಿ ಫಿನಾಯಿಲ್ ಬಾಟಲಿ ಹಿಡಿದು ನಿಲ್ಲುತ್ತಿದ್ದಳು.

ಒಗಟು ಬಿಡಿಸಿದವನು ಆಶ್ರಯತಾಣದ ಹುಡುಗ. ಹೊಸ ಮನೆಗೆ ಬಂದ ನಾಯಿಯ ದಿಗಿಲು ಕಳೆಯಲು ಮೂರು ದಿನ, ದಿನಚರಿ ಹಿಡಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು ಎಂದು ತಮ್ಮಲ್ಲಿ ಒಂದು ಲೆಕ್ಕವಿರುವುದನ್ನು ಹೇಳಿ, ‘ಸರ್, ಅವಳು ಎಂಟು ತಿಂಗಳು ಸಿಮೆಂಟ್ ನೆಲದ ಗೂಡಿನಲ್ಲಿದ್ದಳಲ್ಲ, ಅಲ್ಲೇ ಮಾಡ್ತಿದ್ದಳು, ನಾವು ಪೈಪ್ ಹಿಡಿದು ತೊಳೀತಿದ್ವಿ’ ಎಂದ. ಅಷ್ಟೇ ಸಾಕಾಯಿತು. ಬೀದಿಯಲ್ಲಿ ಸ್ವಚ್ಛಂದವಾಗಿರುವ ನಾಯಿ ಮಲಗುವ ಜಾಗವನ್ನು ಸಾಮಾನ್ಯವಾಗಿ ಕೆಡಿಸಿಕೊಳ್ಳುವುದಿಲ್ಲ, ಮಣ್ಣು ಹುಲ್ಲು ಹುಡುಕಿಕೊಂಡು ಹೋಗುತ್ತದೆ. ಆ ಅಭ್ಯಾಸವನ್ನು ಎಂಟು ತಿಂಗಳ ಗೂಡುವಾಸ ಅಳಿಸಿ, ಪಾದದಡಿ ಗಟ್ಟಿಯಾದ ತಣ್ಣನೆಯ ನೆಲವಿದ್ದರೆ ಅದೇ ಶೌಚದ ಸ್ಥಳ ಎಂಬ ಹೊಸ ಪಾಠವನ್ನು ಬರೆದಿತ್ತು. ನಾನು ಯಾವ ನೆಲವನ್ನು ಮನೆ ಎಂದುಕೊಂಡಿದ್ದೆನೋ ಅವಳು ಅದನ್ನು ಕಕ್ಕಸು ಎಂದು ಕಲಿತು ಬಂದಿದ್ದಳು, ಅದೂ ಶ್ರದ್ಧೆಯಿಂದ. ನನ್ನ ಅನುಭವದಲ್ಲಿ, ಹಿಂದಿನ ಶಾಲೆಯಲ್ಲಿ ಚೆನ್ನಾಗಿ ಕಲಿತು ಬಂದ ಮಕ್ಕಳೇ ಹೊಸ ಶಾಲೆಯಲ್ಲಿ ದಡ್ಡರೆನಿಸಿಕೊಳ್ಳುವುದು ಹೆಚ್ಚು.

ನಮ್ಮ ಹಿತ್ತಲಿನಲ್ಲಿ ಒಗೆಯುವ ಕಲ್ಲಿದೆ, ಅದರ ಸುತ್ತ ನಾಲ್ಕಡಿ ಸಿಮೆಂಟಿನ ಜಾಗವಿದೆ. ಅವಳ ಮೂತ್ರ ಒರೆಸಿದ ಹಳೆಯ ಪಂಚೆಯ ತುಂಡನ್ನು ಅಲ್ಲಿಟ್ಟು, ಪ್ರತಿ ಸಲವೂ ಅಲ್ಲಿಗೇ ಕರೆದೊಯ್ದು ನಿಂತೆ. ವಾಷಿಂಗ್ ಮಷಿನ್ ಬಂದು ಹದಿನೈದು ವರ್ಷವಾಗಿ, ಆ ಕಲ್ಲಿನ ಮೇಲೆ ಬಟ್ಟೆ ಬಿದ್ದದ್ದು ಯಾವಾಗಲೆಂದು ಇಬ್ಬರಿಗೂ ನೆನಪಿಲ್ಲದಿದ್ದರೂ, ‘ಅದು ನಮ್ಮತ್ತೆ ಬಟ್ಟೆ ಒಗೀತಿದ್ದ ಕಲ್ಲು’ ಎಂದು ನನ್ನ ಹೆಂಡತಿ ಎರಡು ದಿನ ಮುನಿಸಿಕೊಂಡಳು. ಆ ಅತ್ತೆ ಬದುಕಿದ್ದಾಗ ಕಲ್ಲಿನ ಬಗ್ಗೆ ಇವಳಿಗೆ ಇಷ್ಟು ಪ್ರೀತಿ ಇದ್ದಂತೆ ನನಗೆ ನೆನಪಿಲ್ಲ. ಮೂರನೆಯ ದಿನ ಹುರುಳಿ ಅಲ್ಲಿ ಕೂತಳು. ನಾನು ಒಂದು ಚೂರು ಬೇಯಿಸಿದ ಕೋಳಿ ಕೊಟ್ಟೆ, ಅಲ್ಲೇ, ಆ ಕ್ಷಣವೇ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಆಮೇಲೆ ಆ ಸಿಮೆಂಟಿನ ಮೇಲೆ ದಿನಕ್ಕೊಂದು ಹಿಡಿ ಮಣ್ಣು ಉದುರಿಸುತ್ತ ಹೋದೆ, ಮುಂದೆ ಪಾರ್ಕಿನ ಮಣ್ಣೂ ಪರಿಚಿತವಾಗಲೆಂದು.

ಫಿನಾಯಿಲನ್ನು ನಿಲ್ಲಿಸಿದೆವು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷವಾದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ನಾವು ಫಿನಾಯಿಲಿನಿಂದ ಮುಚ್ಚಿದ್ದು ನಮ್ಮ ಮೂಗಿಗೆ ಮಾತ್ರ. ಮೂತ್ರದ ವಾಸನೆ ಬರಿಯ ಒರೆಸುವಿಕೆಗೆ ಪೂರ್ತಿ ಹೋಗುವುದಿಲ್ಲವಾದ್ದರಿಂದ ಎಷ್ಟು ಒರೆಸಿದರೂ ‘ಇಲ್ಲಿ ಮಾಡಬಹುದು’ ಎಂಬ ಫಲಕ ಅವಳ ಪಾಲಿಗೆ ಅಲ್ಲಿಯೇ ಇತ್ತು. ವಿನೆಗರ್ ಹಾಕಿದರೆ ಈ ಕೆಂಪು ನೆಲದ ಹೊಳಪು ಹೋಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣವನ್ನು ತಂದು, ಹಾಕಿದ ಕೂಡಲೇ ಒರೆಸದೆ ಹದಿನೈದು ನಿಮಿಷ ನೆನೆಯಲು ಬಿಟ್ಟು ಒರೆಸಿದ ಮೇಲೆ ದೇವರ ಮನೆಯ ಮುಂದಿನ ಜಾಗ ಅವಳಿಗೆ ಮರೆತೇಹೋಯಿತು.

ಆದರೂ ಪುಸ್ತಕದಲ್ಲಿ ನಮೂದುಗಳು ನಿಲ್ಲಲಿಲ್ಲ. ಬೆಳಿಗ್ಗೆ ಹಿತ್ತಲಿನಲ್ಲಿ ಮುಗಿಸಿ ಬಂದವಳು ಹತ್ತೇ ನಿಮಿಷಕ್ಕೆ ಸೋಫಾದ ಬಳಿ ಒಂದಿಷ್ಟು, ನಾನು ತರಕಾರಿ ತಂದು ಬಾಗಿಲು ತೆರೆದಾಗ ಒಂದಿಷ್ಟು, ನನ್ನ ಹೆಂಡತಿ ಪೊರಕೆ ಎತ್ತಿದಾಗ ಒಂದಿಷ್ಟು. ಇದು ಹಟವೆಂದೇ ನಾನು ತಿಳಿದೆ. ಎದುರುಮನೆಯವರು ಗೇಟಿನ ಮೇಲೆ ಮೊಣಕೈ ಊರಿ, ‘ಮೂತಿ ಹಿಡಿದು ಅದರಲ್ಲೇ ಉಜ್ಜಿ ಮೇಷ್ಟ್ರೇ, ಎರಡು ದಿನದಲ್ಲಿ ಬುದ್ಧಿ ಬರುತ್ತೆ. ಅದಕ್ಕೆ ಮನಸ್ಸು ಬರದಿದ್ರೆ ಪೇಪರ್ ಸುತ್ತಿ ನೆಲಕ್ಕಾದ್ರೂ ಒಂದು ಬಿಡಿ. ಆಗಲಿಲ್ವಾ, ತಂದ ಕಡೆಗೇ ಬಿಟ್ಟು ಬನ್ನಿ, ಬೀದಿದು ಬೀದಿಗೇ’ ಎಂದರು. ಇವರ ಲ್ಯಾಬ್ರಡಾರ್ ಹಗಲೆಲ್ಲ ಕಾರ್ ಶೆಡ್ಡಿನ ಸರಪಳಿಯಲ್ಲಿರುತ್ತದೆ, ರಾತ್ರಿ ಹತ್ತಕ್ಕೆ ಬಿಡುಗಡೆಯಾಗಿ ನಮ್ಮ ಸಾಲಿನ ಎಲ್ಲರ ಗೇಟಿನ ಮುಂದೆಯೂ ತನ್ನ ಸಂಸ್ಕಾರವನ್ನು ಬಿಟ್ಟುಹೋಗುತ್ತದೆ. ಬೀದಿಗೇ ಬಿಡಿ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿತ್ತು: ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ, ದತ್ತು ಪಡೆದವರು ನಾಯಿ ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳಬೇಕೆಂಬ ಮಾತೂ ಇತ್ತು. ಅದನ್ನು ಹೇಳಿ ಗೆದ್ದೆ. ಪೇಪರಿನ ಮಾತನ್ನು ಮಾತ್ರ ಯಾರಿಗೂ ಹೇಳದೆ ಮನೆಯೊಳಗೆ ತೆಗೆದುಕೊಂಡು ಬಂದೆ.

ಬುಧವಾರ ಪಶುವೈದ್ಯೆಯ ಬಳಿಗೆ ಹೋದೆವು. ಮೊದಲು ಸೋಂಕಿದೆಯೇ ನೋಡೋಣವೆಂದು ಮೂತ್ರ ಪರೀಕ್ಷೆ ಮಾಡಿಸಿದರು; ಏನೂ ಇರಲಿಲ್ಲ. ಅನಂತರ ನನಗೆ ಎದ್ದು ಹುರುಳಿಯ ಮುಂದೆ ನಿಲ್ಲಲು ಹೇಳಿದರು. ನಿಂತೆ. ಕಿವಿ ಅಂಟಿತು, ಬಾಲ ಸೇರಿತು, ಮುಖ ಗೋಡೆಗೆ ತಿರುಗಿತು. ‘ಇದು ಗಲೀಜು ಮಾಡೋದಲ್ಲ ಸರ್, ಇದು ನಮಸ್ಕಾರ. ನಾನು ಚಿಕ್ಕವಳು, ಬಿಟ್ಬಿಡಿ ಅಂತ ಹೇಳ್ತಿದಾಳೆ. ಅವಳ ಹಿಡಿತದಲ್ಲಿಲ್ಲ. ನೀವು ಬೈದಷ್ಟೂ ಜಾಸ್ತಿ ಹೇಳ್ತಾಳೆ’ ಎಂದು, ತಾವೇ ನೆಲಕ್ಕೆ ಕುಕ್ಕರಿಸಿ, ಅವಳಿಗೆ ಮಗ್ಗುಲು ಕೊಟ್ಟು, ಕಿಟಕಿಯ ಕಡೆ ನೋಡುತ್ತ ಅಂಗೈಯನ್ನು ಚಾಚಿ ಕೂತರು. ಒಂದು ನಿಮಿಷವಾದ ಮೇಲೆ ಹುರುಳಿ ಬಂದು ಆ ಕೈಯನ್ನು ಮೂಸಿದಳು. ನನ್ನ ಮನೆಯಲ್ಲಿ ಅವಳಾಗಿಯೇ ಬಂದು ನನ್ನ ಕೈ ಮೂಸಿದ್ದು ಯಾವಾಗ ಎಂದು ಯೋಚಿಸಿದೆ.

ಮನೆಗೆ ಬಂದು ಪುಸ್ತಕ ತೆರೆದು, ಅಭ್ಯಾಸದ ಮೂತ್ರವನ್ನು ನೀಲಿಯಲ್ಲಿ, ಭಯದ ಮೂತ್ರವನ್ನು ಕೆಂಪಿನಲ್ಲಿ ಬೇರ್ಪಡಿಸಿದೆ. ಪ್ರತಿ ಕೆಂಪು ನಮೂದಿನ ಮುಂದೆ, ಆಗ ಎದುರಿಗಿದ್ದವರು ಯಾರೆಂದು ನೆನಪು ಮಾಡಿಕೊಂಡು ಬರೆದೆ. ಒಟ್ಟು 14. ಮೂರು ಪೊರಕೆಯವು. 11 ನನ್ನವು.

ಅಂದು ರಾತ್ರಿ ಮಗಳಿಗೆ ಎಲ್ಲವನ್ನೂ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅಪ್ಪಾ, ನೀನು ಪೇಪರ್ ಎತ್ತಿದ್ಯಾ?’ ‘ಹೊಡೆಯಲಿಲ್ಲ’ ಎಂದೆ. ಈ ಉತ್ತರ ಬಾಯಿಂದ ಬಂದ ವೇಗಕ್ಕೆ ನನಗೇ ದಿಗಿಲಾಯಿತು, ಏಕೆಂದರೆ ಇದೇ ಒಂದು ಮಾತನ್ನು ನಾನು ಮೂವತ್ತು ವರ್ಷಗಳಿಂದ ಬೇರೊಂದು ಸಂಗತಿಗೆ ಸಿದ್ಧವಾಗಿಟ್ಟುಕೊಂಡಿದ್ದೆ.

1994ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಮೂರನೆಯ ತರಗತಿ. ಶಾಲೆಗೆ ಶೌಚಾಲಯವಿರಲಿಲ್ಲ, ಒಂದಕ್ಕೆ ಎಂದರೆ ಹಿಂದಿನ ಹೊಲ. ಹೋದವರು ಹುಣಸೆಕಾಯಿ ಆರಿಸಿಕೊಂಡು ಅರ್ಧ ಗಂಟೆ ಬಿಟ್ಟು ಬರುತ್ತಿದ್ದರಾದ್ದರಿಂದ ನಾನು ಬಿಗಿಯಾಗಿದ್ದೆ. ಅಂದು ಒಬ್ಬ ಹುಡುಗ ಎರಡು ಸಲ ಕಿರುಬೆರಳೆತ್ತಿದ. ಎರಡು ಸಲವೂ ಕೂರಿಸಿದೆ. ಮೂರನೆಯ ಸಲ ಎದ್ದು ನಿಂತಾಗ ರೂಲುದೊಣ್ಣೆ ಹಿಡಿದು ಅವನ ಬಳಿಗೆ ನಡೆದು ಎತ್ತಿ ಹಿಡಿದೆ. ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಚಡ್ಡಿಯಿಂದ ಇಳಿದದ್ದು ಸಿಮೆಂಟ್ ನೆಲದ ಮೇಲೆ ಹರಿದು ನನ್ನ ಚಪ್ಪಲಿಯವರೆಗೆ ಬಂತು. ತರಗತಿ ನಕ್ಕಿತು. ನಾನು ಹೊಡೆಯಲಿಲ್ಲ. ಮಾರನೆಯ ದಿನ ಅವನ ತಾಯಿ ಕೂಲಿಗೆ ಹೋಗುವ ಮುಂಚೆ ಬಂದು ಶಾಲೆಯ ಜಗಲಿಯ ಕೆಳಗೇ ನಿಂತು, ‘ತಪ್ಪಾಯ್ತು ಬುದ್ದಿ, ಇನ್ನೊಂದ್ಸಲ ಮಾಡಕ್ಕಿಲ್ಲ ಅವ್ನು’ ಎಂದಳು. ‘ಆಯ್ತು, ಹೋಗಮ್ಮ’ ಎಂದೆ. ಕ್ಷಮಿಸಿ ಕಳಿಸಿದೆ!

ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುವ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ‘ಇನ್ನು ಮಕ್ಕಳು ನಮ್ಮ ಮಾತು ಕೇಳಿದಂತೆಯೇ’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬ. ಎತ್ತಿದ ದೊಣ್ಣೆಗೂ ಬಿದ್ದ ದೊಣ್ಣೆಗೂ ಬಹಳ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೆ. ಎತ್ತಿದವನ ಕಡೆಯಿಂದ ನೋಡಿದರೆ ಇದೆ. ಆ ಹುಡುಗ ಐದನೆಯ ತರಗತಿಯ ನಂತರ ಶಾಲೆಗೆ ಬರಲಿಲ್ಲ. ಈಗ ನಲವತ್ತರ ಆಸುಪಾಸಿನವನಿರಬೇಕು. ಅವನ ಮುಖ ನೆನಪಿಲ್ಲ. ಗೋಡೆಗೆ ತಿರುಗಿದ ಕತ್ತು ನೆನಪಿದೆ. ಮಂಗಳವಾರದಿಂದ ಈಚೆಗೆ ಅದು ಹುರುಳಿಯದೋ ಅವನದೋ ಎಂಬುದು ಬೆರೆತುಹೋಗಿದೆ.

ಈಗ ನಾನು ಮನೆಯೊಳಗೆ ಬಂದರೆ ಅವಳ ಕಡೆ ನೋಡುವುದಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ನೀರು ಕುಡಿದು, ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತೇನೆ. ಅರವತ್ತೈದರ ಮಂಡಿಗಳು ಇದಕ್ಕೆ ಪ್ರತ್ಯೇಕವಾಗಿ ಲೆಕ್ಕ ಕೇಳುತ್ತವೆ. ಪೊರಕೆ ಹಿತ್ತಲ ಬಾಗಿಲಿನ ಹಿಂದೆ ಹೋಗಿದೆ, ಅವಳು ಹೊರಗಿರುವಾಗ ಮಾತ್ರ ಕೆಲಸ ಮಾಡುತ್ತದೆ. ಅವಳ ಕಿರುಬೆರಳುಗಳೂ ಒಂದೊಂದಾಗಿ ಗೊತ್ತಾಗುತ್ತಿವೆ: ಆಡುತ್ತ ಆಡುತ್ತ ತಟ್ಟನೆ ನಿಲ್ಲುವುದು, ಮೂಗನ್ನು ನೆಲಕ್ಕೆ ಹಚ್ಚಿ ಒಂದೇ ಜಾಗದಲ್ಲಿ ಎರಡು ಸುತ್ತು ಬರುವುದು, ಹಿತ್ತಲ ಬಾಗಿಲಿನ ಅಗುಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡುವುದು.

ಶನಿವಾರ ಬೆಳಿಗ್ಗೆ ಆರೂ ಹತ್ತಕ್ಕೆ ಅವಳು ಅಗುಳಿಯನ್ನು ನೋಡಿದಳು. ತೆಗೆದೆ. ಕಲ್ಲಿನ ಬಳಿ ಮಣ್ಣಿನ ಮೇಲೆ ಮುಗಿಸಿದಳು. ನಾನು ಮೆಟ್ಟಿಲ ಮೇಲೆ ಕೂತು, ಕರಿಬೇವಿನ ಗಿಡದ ಕಡೆ ಮುಖ ಮಾಡಿಕೊಂಡು, ಕೋಳಿಯ ಚೂರನ್ನು ಅಂಗೈಯಲ್ಲಿಟ್ಟು ಕಾದೆ. ಅವಳು ಬಂದು ತಿಂದು, ಹೋಗದೆ ಅಲ್ಲಿಯೇ ನಿಂತಳು. ಅವಳ ಮೀಸೆ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಅಷ್ಟರಲ್ಲಿ ಎದುರುಮನೆಯವರು ಪಕ್ಕದ ಓಣಿಗೆ ಬಂದು ಕಾಂಪೌಂಡಿನ ಮೇಲಿನಿಂದ ಇಣುಕಿ, ‘ಏನ್ ಮೇಷ್ಟ್ರೇ, ಕಲಿತಳಾ?’ ಎಂದು ಕೂಗಿದರು. ಕಲಿತಳು ಎಂದು ಹೇಳುವ ಉತ್ಸಾಹದಲ್ಲಿ ನಾನು ದಡಕ್ಕನೆ ಎದ್ದು ನಿಂತೆ. ಮೆಟ್ಟಿಲು ಒದ್ದೆಯಾಯಿತು.

ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಒಳಗೆ ಹೋಗಿ ಪುಸ್ತಕ ತೆರೆದು, ಒಂದು ನೀಲಿ, ಒಂದು ಕೆಂಪು ನಮೂದು ಮಾಡಿದೆ. ಕೆಂಪಿನ ಒಟ್ಟು 15, ಅದರಲ್ಲಿ ನನ್ನವು 12.