ಹರಿದ ಬಲೆಯನ್ನು ಮೊದಲು ದಡದ ಮೇಲೆ ಹರವಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರದ ಬೈತಖೋಲದಿಂದ ಹೊನ್ನಾವರದ ಕಾಸರಕೋಡಿನವರೆಗೂ ಅದು ಬಲೆ ರಿಪೇರಿಯ ಕಾಲ. ಹರಿದದ್ದು ಕಂಡ ಕೂಡಲೇ ಯಾರೂ ದಾರ ಹಾಕುವುದಿಲ್ಲ. ಬಲೆ ತೊಳೆದು, ಒಣಗಿಸಿ, ಹರವಿ, ಎಲ್ಲೆಲ್ಲಿ ಕಿತ್ತಿದೆ ಎಂದು ನೋಡುತ್ತಾರೆ. ಆಮೇಲೆ ತೂತಿನ ಅಂಚಿನ ಹರಕು ಎಳೆಗಳನ್ನು ಕತ್ತರಿಸುತ್ತಾರೆ. ತೂತು ಮೊದಲಿಗಿಂತ ದೊಡ್ಡದಾಗುತ್ತದೆ, ಆಗಲಿ. ಗಟ್ಟಿ ಗಂಟು ಸಿಕ್ಕ ಜಾಗದಿಂದಲೇ ಹೊಸ ಕಣ್ಣು ಹೆಣೆಯಬೇಕು, ಹರಕು ಎಳೆಗೆ ಕಟ್ಟಿದ ಗಂಟು ಮೊದಲ ಭಾರಕ್ಕೇ ಬಿಚ್ಚಿಕೊಳ್ಳುತ್ತದೆ.

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿರುತ್ತಾರೆ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ ‘ಕತಾರ್ತಿಜೊ’. ಎಡವಿ ಬಿದ್ದವನನ್ನು ಮೃದುವಾಗಿ ಸರಿಪಡಿಸಿರಿ ಎಂದು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಹೇಳುವಾಗಲೂ ಅದೇ ಪದ. ಮನಸ್ಸಿನ ವಾಸಿಯ ಬಗ್ಗೆ ಬರೆಯಲು ಹೊರಟಾಗ ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಲ್ಲ.

ಪ್ರೀತಿ ಮುರಿದವರು, ನಿಶ್ಚಿತಾರ್ಥ ತಪ್ಪಿದವರು, ಬೈಗುಳ-ಹೊಡೆತದ ಮನೆಯಲ್ಲಿ ಬೆಳೆದವರು ಹೆಚ್ಚಾಗಿ ಮಾಡುವ ಪ್ರಾರ್ಥನೆ ಒಂದೇ: ಒಳ್ಳೆಯವರೊಬ್ಬರನ್ನು ಕಳಿಸು ದೇವರೇ. ಆ ಪ್ರಾರ್ಥನೆ ತಪ್ಪಲ್ಲ, ಸಮಯ ತಪ್ಪು. ಹೊಸಬರೊಬ್ಬರು ಅಕ್ಕರೆ ತೋರಿಸಿದ ಕೂಡಲೇ ನೋವು ನಿಲ್ಲುತ್ತದೆ, ನೋವು ನಿಂತದ್ದನ್ನೇ ವಾಸಿ ಎಂದುಕೊಳ್ಳುತ್ತೇವೆ. ವರ್ಷದ ನಂತರ ಅವರು ಅರ್ಧ ಗಂಟೆ ಫೋನ್ ಎತ್ತದಿದ್ದರೆ ಹಳೆಯ ಭಯವೆಲ್ಲ ಅವರ ಮೇಲೆ ಬೀಳುತ್ತದೆ. ಬಿಟ್ಟುಹೋದವರು ಬೇರೆ, ಬೈಸಿಕೊಳ್ಳುವವರು ಬೇರೆ.

ಮೊದಲು ಊಟ, ನಿದ್ದೆ. ಇದು ಭಕ್ತಿಯ ವಿಷಯವಲ್ಲ ಅನ್ನಿಸಿದರೆ ಬೈಬಲಿನ 1 ಅರಸುಗಳು ಗ್ರಂಥದ 19ನೇ ಅಧ್ಯಾಯ ಓದಿ. ಸತ್ತರೆ ಸಾಕು ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದ. 40 ದಿನದ ದಾರಿ, ದೇವರ ಮೆಲುದನಿ, ಎಲ್ಲ ಆಮೇಲೆ.

ಎರಡನೆಯದು ಗಾಯಕ್ಕೆ ಸರಿಯಾದ ಹೆಸರು ಇಡುವುದು. ಇದಕ್ಕೆ ಹೆಚ್ಚು ಸಮಯ ಕೊಡಿ. ಬೈಬಲಿನ 13ನೇ ಕೀರ್ತನೆ ಬಹಳ ಚಿಕ್ಕದು, ಅದರ ಆರಂಭದಲ್ಲೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಾಲ್ಕೂ ಬೇರೆ ಬೇರೆ ನೋವು. ನನ್ನನ್ನು ಮರೆತಿದ್ದಾರೆ. ನನ್ನಿಂದ ಮುಖ ತಿರುಗಿಸಿದ್ದಾರೆ. ಒಳಗೊಳಗೇ ಒಬ್ಬನೇ ಕೊರಗುತ್ತಿದ್ದೇನೆ. ನೋಯಿಸಿದವರೇ ಗೆದ್ದು ಮೆರೆಯುತ್ತಿದ್ದಾರೆ. ನಾಲ್ಕು ದಿನ, ದಿನಕ್ಕೆ ಒಂದು ‘ಎಷ್ಟರವರೆಗೆ’ ತೆಗೆದುಕೊಂಡು 15 ನಿಮಿಷ ಬರೆಯಿರಿ. ಕಾಗುಣಿತ ನೋಡಬೇಡಿ, ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ ಬರೆಯಿರಿ. ‘ತುಂಬಾ ಬೇಜಾರಾಗಿದೆ’ ಸಾಲದು. ‘ಚೌತಿಯ ರಜೆಯಲ್ಲಿ ಬರುತ್ತೇನೆ ಎಂದು ಹೇಳಿ ಬರಲಿಲ್ಲ, ನಾನು ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ನಿಂತಿದ್ದೆ’ ಅನ್ನುವಷ್ಟು ಖಚಿತವಾಗಿರಲಿ. ಐದನೆಯ ದಿನ ಉಳಿದ ವಚನಗಳಿಗೆ ಬನ್ನಿ: ಮೊದಲು ಬೇಡಿಕೆ, ಕೊನೆಗೆ ಭರವಸೆ. ಭರವಸೆಯ ವಚನ ಬಾಯಿಗೆ ಬರದಿದ್ದರೆ ಒತ್ತಾಯ ಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನೂ ಯಾರೂ ಬೈಬಲಿನಿಂದ ತೆಗೆದುಹಾಕಿಲ್ಲ.

ಎಡವಟ್ಟಾಗುವುದು ಬರೆದು ಮುಗಿದ ತಕ್ಷಣ. ಆಗ ಮನಸ್ಸು ಹಗುರವಾಗುವ ಬದಲು ಇನ್ನಷ್ಟು ಕುಸಿಯುವುದೇ ಹೆಚ್ಚು. ಕತ್ತರಿಸಿದ ಅಂಚು ಅದು. ಹಾಗಾಗಿ ಮಲಗುವ ಮುಂಚೆ ಬರೆಯಬೇಡಿ, ಸಂಜೆ ಐದಕ್ಕೆ ಬರೆದು ಟಾಗೋರ್ ಬೀಚಿನಲ್ಲಿ ನಡೆದು ಬನ್ನಿ. ಆ ಹೊತ್ತಿನಲ್ಲಿ ಹಳಬರಿಗೆ ಮೆಸೇಜ್ ಮಾಡುವ ಆಸೆ ಜೋರಾಗಿರುತ್ತದೆ, ಫೋನ್ ಮನೆಯಲ್ಲೇ ಇರಲಿ. ಬರೆಯುತ್ತಿರುವಾಗ ಹೊಡೆತ, ದೌರ್ಜನ್ಯದ ನೆನಪು ಈಗಲೇ ನಡೆಯುತ್ತಿರುವಂತೆ ನುಗ್ಗಿದರೆ ಅಲ್ಲಿಗೇ ನಿಲ್ಲಿಸಿ. ಅದು ಒಬ್ಬರೇ ಮಾಡುವ ಕೆಲಸವಲ್ಲ, ತರಬೇತಾದ ಆಪ್ತಸಮಾಲೋಚಕರ ಎದುರು ಮಾಡುವಂಥದ್ದು.

ಕೇಳುವವರೊಬ್ಬರು ಬೇಕು, ಒಬ್ಬರೇ ಸಾಕು. ಎಮ್ಮಾವುಸ್ ಊರಿನ ದಾರಿಯಲ್ಲಿ ದುಃಖದಲ್ಲಿದ್ದ ಇಬ್ಬರು ಶಿಷ್ಯರ ಜೊತೆ ನಡೆದಾಗ ಯೇಸು ಮೊದಲು ಕೇಳಿದ್ದು ಪ್ರಶ್ನೆ. ಇಬ್ಬರೂ ಕಥೆ ಪೂರ್ತಿ ಹೇಳಿ ಮುಗಿಸುವವರೆಗೆ ಆತ ವಿವರಿಸಲು ಹೊರಡಲಿಲ್ಲ. ಹಾಗೆ ಕೇಳುವವರನ್ನು ಹುಡುಕಿ. ನಮ್ಮ ಊರುಗಳಲ್ಲಿ ಚರ್ಚಿನ ಗಾಯನ ತಂಡಕ್ಕೆ ಗೊತ್ತಾದದ್ದು ಮೀನು ಮಾರ್ಕೆಟ್ಟಿಗೂ ಗೊತ್ತಾಗುತ್ತದೆ. ಪ್ರಾರ್ಥನಾ ಗುಂಪಿನಲ್ಲಿ ‘ಅವಳಿಗಾಗಿ ಪ್ರಾರ್ಥಿಸಿ’ ಎಂದದ್ದೇ ಸುದ್ದಿಯಾಗುವುದುಂಟು. ಕಾರವಾರದವರು ಅಂಕೋಲೆಯ ಅಥವಾ ಶಿರಸಿಯ ಒಬ್ಬ ಹಿರಿಯ ಸಿಸ್ಟರನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಪಾಪನಿವೇದನೆಯ (ಗುರುಗಳೆದುರು ಮಾಡುವ ಕನ್ಫೆಶನ್) ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಅಲ್ಲಿ ಹೇಳುವುದು ನಾನು ಮಾಡಿದ್ದನ್ನು: ಹೇಳಿದ ಸುಳ್ಳು, ಒಬ್ಬರ ಮನಸ್ಸನ್ನು ಬಳಸಿ ಬಿಟ್ಟದ್ದು. ನನಗೆ ಮಾಡಿದ್ದು ನನ್ನ ಪಾಪವಲ್ಲ. ಬೇರೆಯವರ ದೌರ್ಜನ್ಯವನ್ನು ತನ್ನ ಪಾಪವೆಂದು ಮತ್ತೆ ಮತ್ತೆ ನಿವೇದಿಸುವವರಿಗೆ ಸಮಾಧಾನ ಸಿಗದಿರುವುದು ಅದಕ್ಕೇ. ಪಾಪಕ್ಕೆ ಕ್ಷಮೆ, ಗಾಯಕ್ಕೆ ಆರೈಕೆ. ಹೇಳಿದ್ದನ್ನು ಗುರುಗಳು ಎಲ್ಲಿಯೂ ಬಾಯಿಬಿಡುವಂತಿಲ್ಲ, ಧರ್ಮಸಭೆಯ ಕಾನೂನಿನ 983ನೇ ನಿಯಮ ಅದನ್ನು ಕಾಯುತ್ತದೆ. ಆದರೆ ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಅವರಿಗಿರುವುದು ಐದು ನಿಮಿಷ. ಉದ್ದದ ಮಾತಿದ್ದರೆ ‘ಫಾದರ್, ಒಂದು ತಾಸು ಬೇಕು, ಯಾವ ದಿನ ಬರಲಿ?’ ಎಂದು ಕೇಳಿ.

ಕ್ಷಮೆಯಲ್ಲೂ ಅವಸರ ಬೇಡ. ಸೇಡು ಬಿಡುವುದು, ಮನಸ್ಸು ಶಾಂತವಾಗುವುದು, ಮತ್ತೆ ಜೊತೆಯಾಗುವುದು, ಇವು ಮೂರೂ ಬೇರೆ. ಮೊದಲನೆಯದು ನಮ್ಮ ನಿರ್ಧಾರ. ಎರಡನೆಯದಕ್ಕೆ ಕಾಲ ಬೇಕು. ಮೂರನೆಯದಕ್ಕೆ ಎದುರಿನವರೂ ಬದಲಾಗಿರಬೇಕು. ಲೆಕ್ಕವಿಲ್ಲದಷ್ಟು ಸಲ ಕ್ಷಮಿಸು ಎಂದು ಯೇಸು ಹೇಳುವುದು ಮತ್ತಾಯ 18ರಲ್ಲಿ. ಅದೇ ಅಧ್ಯಾಯದ 15ನೇ ವಚನದಿಂದ ತಪ್ಪನ್ನು ಮುಖಕ್ಕೇ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮವೂ ಇದೆ. ಕ್ಷಮಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ.

ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ಜೊತೆಗೆ ನಿದ್ದೆ-ಊಟ ತಪ್ಪಿದೆ, ಇದು ಎರಡು ವಾರ ಹಾಗೇ ಮುಂದುವರಿದರೆ ವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಟೆಲಿ-ಮನಸ್ ಸಹಾಯವಾಣಿ 14416 ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವುದು ದೊಡ್ಡ ತಪ್ಪು. ವಿಶ್ವಾಸ ಕಡಿಮೆಯಾದವರಷ್ಟೇ ಮಾತ್ರೆ ತಗೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ಸಿರಾಖನ ಗ್ರಂಥದ 38ನೇ ಅಧ್ಯಾಯ ತೋರಿಸಿ, ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವನೇ ದೇವರು ಎಂದು ಅಲ್ಲಿದೆ.

ಎಷ್ಟು ಕಾಲ ಕಾಯಬೇಕು? ನಿಶ್ಚಿತಾರ್ಥ ಮುರಿದಿದ್ದರೆ ಒಂದು ಪೂರ್ತಿ ವರ್ಷ ಎನ್ನುತ್ತೇನೆ. ಕ್ರಿಸ್ಮಸ್, ಹುಟ್ಟುಹಬ್ಬ, ಊರಿನ ಚರ್ಚ್ ಫೆಸ್ಟ್ ಒಂದೊಂದು ಸಲ ಅವರಿಲ್ಲದೆ ಕಳೆಯಬೇಕು. ಆದರೆ ಕ್ಯಾಲೆಂಡರಿಗಿಂತ ಬೇರೆ ಗುರುತುಗಳನ್ನು ನೋಡಿ. ನಡೆದದ್ದನ್ನು ಮೂರು ನಿಮಿಷದಲ್ಲಿ, ನಿಮ್ಮ ಪಾಲಿನ ತಪ್ಪನ್ನೂ ಸೇರಿಸಿ, ಹೇಳಬಲ್ಲಿರಾ? ಅವರ ವಾಟ್ಸಾಪ್ ಸ್ಟೇಟಸ್ ನೋಡದೆ ತಿಂಗಳಾಯಿತೇ? ರವಿವಾರ ಸಂಜೆ ಒಬ್ಬರೇ ಇರುವುದು ಸಹ್ಯವೇ? ಇಷ್ಟಪಟ್ಟು ಬಂದವರಿಗೆ ‘ಬೇಡ’ ಎನ್ನುವ ಧೈರ್ಯ ಇದೆಯೇ? ಕೊನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ, ಬೇಡ ಎನ್ನಲಾಗದವರ ಹೂಂ ನಂಬುವುದು ಕಷ್ಟ. ಬಲವಂತಕ್ಕೆ ಅಥವಾ ಘೋರ ಭಯಕ್ಕೆ ಒಪ್ಪಿದ ಮದುವೆ ಊರ್ಜಿತವಲ್ಲ ಎಂದು ಧರ್ಮಸಭೆಯ ಕಾನೂನಿನ 1103ನೇ ನಿಯಮ ಹೇಳುತ್ತದೆ.

ನಡುವೆ ಮನೆಯವರು ಸಂಬಂಧ ತರುತ್ತಾರೆ. ‘ಈಗ ಬೇಡ’ ಎಂದರೆ ವಾರಕ್ಕೊಮ್ಮೆ ಕೇಳುತ್ತಾರೆ, ದಿನ ಹೇಳಿಬಿಡಿ: ‘ಅಮ್ಮಾ, ಈಸ್ಟರ್ ಆಗೋವರೆಗೆ ಯಾರ ಫೋಟೋನೂ ತರಬೇಡ, ಆಮೇಲೆ ನಾನೇ ಹೇಳ್ತೇನೆ.’ ಹೇಳಿದ ದಿನ ನೀವೇ ಹೋಗಿ ಮಾತಾಡಿ.

ಕೊನೆಗೆ ಹೊಸಬರು ಬಂದಾಗ, ಹಳೆಯದನ್ನು ನಿಶ್ಚಿತಾರ್ಥಕ್ಕೆ ಮೊದಲೇ ತಿಳಿಸಿ. ಮೊದಲ ಭೇಟಿಯಲ್ಲಿ ಬೇಡ, ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ಹಿಂದಿನ ರಾತ್ರಿಯೂ ಬೇಡ. ಏನು ನಡೆಯಿತು, ಯಾವುದು ಈಗಲೂ ತಟ್ಟುತ್ತದೆ, ಆಗ ನಾನು ಏನು ಮಾಡುತ್ತೇನೆ, ಇಷ್ಟು ಹೇಳಿ. ಹಳೆಯ ಪತ್ರ, ಫೋಟೋ ತೋರಿಸಬೇಡಿ. ಅವುಗಳಲ್ಲಿ ಇನ್ನೊಬ್ಬರ ಗುಟ್ಟೂ ಇರುತ್ತದೆ.