ಅಮ್ಮನ ಹನ್ನೊಂದು ಸೀರೆ

"ಆ ಭಾನುವಾರ ಮೂರು ಹೊತ್ತಿನ ಊಟಕ್ಕೂ ಬೇರೆಯವರು ಹೇಳಿ ಆಗಿದೆ ಮೇಡಂ" ಎಂದು ಫೋನಿನ ಆ ಕಡೆಯಿಂದ ವೃದ್ಧಾಶ್ರಮದ ಹೆಂಗಸು ಮೆಲ್ಲಗೆ ಹೇಳಿದರು. ನಾನು ಸುಮ್ಮನಾದೆ.

2024ರ ಆಟಿ ತಿಂಗಳು, ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು. ಅಮ್ಮ ಹೋಗಿ ಒಂದು ವರ್ಷ ತುಂಬುತ್ತಿತ್ತು. ವರ್ಷಾಂತಿಕದ ಕ್ರಿಯೆ ಉಡುಪಿಯಲ್ಲಿ ಅಣ್ಣನ ಮನೆಯಲ್ಲಿ. ಅದರ ನಂತರದ ಭಾನುವಾರ ಮಂಗಳೂರಿನ ಯಾವುದಾದರೂ ಆಶ್ರಮದಲ್ಲಿ ಅಮ್ಮನ ಹೆಸರಲ್ಲಿ ಊಟ ಹಾಕಿಸುವುದು ಎಂದು ನಾವು ಮೂವರೂ ಮಾತಾಡಿಕೊಂಡಿದ್ದೆವು. ಪಾಯಸ, ಹೋಳಿಗೆ ಎಲ್ಲ ಇರುವ ಊಟ.

"ಹೋಳಿಗೆ ಬೇಡ ಮೇಡಂ. ಇಲ್ಲಿ ಜಾಸ್ತಿ ಜನಕ್ಕೆ ಶುಗರ್ ಇದೆ. ಭಾನುವಾರ ಊಟ ಉಳೀತದೆ, ಬುಧವಾರ ಯಾರೂ ಬರುವುದಿಲ್ಲ" ಎಂದರು ಅವರು.

"ಹಾಗಾದ್ರೆ ನಿಮಗೆ ಏನು ಬೇಕು?"

ಈ ಪ್ರಶ್ನೆಯನ್ನು ನಾನು ಅದುವರೆಗೆ ಯಾರಿಗೂ ಕೇಳಿರಲಿಲ್ಲ. ಅವರು ತಡವರಿಸದೆ ಹೇಳುತ್ತಾ ಹೋದರು. ದೊಡ್ಡವರ ಡಯಾಪರ್, ಎಲ್ ಸೈಜಿನದು. ಫಿನಾಯಿಲ್. ಕುಚ್ಚಲಕ್ಕಿ. ಮಲಗಿದಲ್ಲೇ ಇರುವವರು ಆರು ಮಂದಿ, ಏರ್ ಬೆಡ್ ಇರುವುದು ಎರಡೇ. ಮತ್ತೆ ಒಬ್ಬ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗಿ ಜೊತೆಯಲ್ಲಿ ಕೂರಲು ಒಬ್ಬರು ಬೇಕು.

ಏರ್ ಬೆಡ್ ಎಂದಾಗ ನನ್ನ ಕಣ್ಣು ಅಟ್ಟದ ಕಡೆ ಹೋಯಿತು.

ಅಮ್ಮ ಕೊನೆಯ ನಾಲ್ಕು ತಿಂಗಳು ಮಲಗಿದಲ್ಲೇ ಇದ್ದಳು. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಆ ಹುಣ್ಣು ಒಮ್ಮೆ ಆಯಿತೆಂದರೆ ಮಾಯುವುದು ಬಹಳ ಕಷ್ಟ. ಏರ್ ಬೆಡ್‌ನಲ್ಲಿ ಒಂದು ಸಣ್ಣ ಪಂಪ್ ಇರುತ್ತದೆ. ಅದು ಗಾಳಿಯನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ತಳ್ಳುತ್ತಾ ಇರುತ್ತದೆ. ಹಾಗಾಗಿ ಮೈಯ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಆ ಪಂಪಿನ ಗುಂಯ್ ಎನ್ನುವ ಸದ್ದು ನಿಂತ ದಿನ ನನಗೆ ನಿದ್ದೆ ಬಂದಿರಲಿಲ್ಲ. ಆಮೇಲೆ ಅದನ್ನು ಮಡಚಿ ಅಟ್ಟಕ್ಕೆ ಹಾಕಿದವಳು ತಿರುಗಿ ನೋಡಿರಲಿಲ್ಲ. ವಾಕರ್, ಕಮೋಡ್ ಕುರ್ಚಿ, ಅರ್ಧ ಕಟ್ಟು ಡಯಾಪರ್, ಎಲ್ಲ ಅಲ್ಲೇ. ಎಷ್ಟು ಮನೆಗಳ ಅಟ್ಟದಲ್ಲಿ ಇವು ಹೀಗೆ ಧೂಳು ತಿನ್ನುತ್ತಿರಬಹುದು, ಅಲ್ವಾ?

ಅವನ್ನು ಇಳಿಸುವಾಗಲೇ ಕಪಾಟನ್ನೂ ತೆಗೆದೆ. ಅಮ್ಮನ ರೇಷ್ಮೆ ಸೀರೆಗಳನ್ನು ಅಕ್ಕ, ಅತ್ತಿಗೆ, ನಾನು ಹಂಚಿಕೊಂಡಾಗಿತ್ತು. ಮನೆಯಲ್ಲಿ ಉಡುತ್ತಿದ್ದ ಹತ್ತಿ ಸೀರೆಗಳು ಹನ್ನೆರಡು ಉಳಿದಿದ್ದವು. ಒಗೆದೂ ಒಗೆದೂ ಮೆತ್ತಗಾದವು. ಆಶ್ರಮಕ್ಕೆ ಕೊಡಲೇ ಎಂದು ಕೇಳಿದರೆ ಅಲ್ಲಿ ಎಲ್ಲರಿಗೂ ನೈಟಿಯೇ, ಉಡಿಸಿ ಬಿಚ್ಚಲು ಸುಲಭ ಅಂತ. ಹಾಗಿದ್ದರೆ ಶಕ್ತಿನಗರದ ಕಡೆಯ ಪ್ರಾಣಿಗಳ ಆಶ್ರಯಕ್ಕೆ ಕೇಳೋಣ ಎನಿಸಿತು. ಅಲ್ಲಿಯ ಹುಡುಗ ಫೋನಿನಲ್ಲೇ ಖುಷಿಯಾದ. "ಹತ್ತಿಯದ್ದಾ? ತನ್ನಿ ಅಕ್ಕಾ, ಬೇಗ ತನ್ನಿ. ಪಾಲಿಸ್ಟರ್ ಬೇಡ, ಅದು ನೀರು ಹೀರುವುದಿಲ್ಲ. ಹಳೇ ಪೇಪರ್ ಇದ್ರೆ ಅದೂ ತನ್ನಿ."

ಅಕ್ಕನಿಗೆ ಹೇಳಿದೆ. ಅವಳು ಸುರತ್ಕಲ್‌ನಲ್ಲಿ ಇರುವುದು.

"ಎಂಥ ಮಾರಾಯ್ತಿ, ಅಮ್ಮನ ಸೀರೆ ನಾಯಿಗಾ?"

ಅವಳ ಗಂಟಲು ಕಟ್ಟಿತ್ತು. ನಾನು ವಾದ ಮಾಡಲಿಲ್ಲ. ಅಮ್ಮ ದಿನಾ ರಾತ್ರಿ ಗೇಟಿನ ಹೊರಗೆ ಅನ್ನ ಹಾಕುತ್ತಿದ್ದದ್ದು ಅವಳಿಗೂ ಗೊತ್ತು. ಆದರೂ ಸೀರೆ ಎಂದರೆ ಸೀರೆ. ಒಂದನ್ನು ತೆಗೆದಿಟ್ಟುಕೊಂಡೆ, ಹಸಿರು ಅಂಚಿನದು. ಉಳಿದ ಹನ್ನೊಂದನ್ನು ಗೋಣಿಯಲ್ಲಿ ತುಂಬಿದೆ.

ಬುಧವಾರ ಬೆಳಗ್ಗೆ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗೂಡ್ಸ್ ರಿಕ್ಷಾ ಮಾಡಿಕೊಂಡು, ಸಾಮಾನಿಗೆಲ್ಲ ಟಾರ್ಪಾಲು ಹೊದಿಸಿ ಹೊರಟೆ. ದಾರಿಯುದ್ದಕ್ಕೂ ಒಂದು ಹಳೆಯ ಕೃಷ್ಣಾಷ್ಟಮಿಯ ನೆನಪು. ಉಡುಪಿಯ ರಥಬೀದಿಯ ಜನಜಂಗುಳಿಯಲ್ಲಿ ರವಿ ಕಟಪಾಡಿಯವರ ವೇಷ ಬಂದಿತ್ತು. ಕೂಲಿ ಕೆಲಸ ಮಾಡಿ ಬದುಕುವ ಮನುಷ್ಯ, ಅಷ್ಟಮಿಗೆ ಭಯಂಕರ ವೇಷ ಹಾಕಿ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಸೇರಿಸುತ್ತಿದ್ದವರು. ಅಮ್ಮ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಡಬ್ಬಿಗೆ ಹಾಕಿದ್ದಳು. ಬಸ್ಸಿಗೆ ಇಟ್ಟುಕೊಂಡಿದ್ದ ಹಣ ಅದು. ಆಮೇಲೆ ನನ್ನ ಹತ್ತಿರ ಕೇಳಿ ತೆಗೆದುಕೊಂಡಳು.

ಆಶ್ರಮದಲ್ಲಿ ಏರ್ ಬೆಡ್ ಇಳಿಸಿದ ಹತ್ತೇ ನಿಮಿಷಕ್ಕೆ ಅದನ್ನು ಒಬ್ಬ ಅಜ್ಜನ ಮಂಚಕ್ಕೆ ಹಾಸಿದರು. ಪಂಪ್ ಶುರು ಮಾಡಿದರು. ಅದೇ ಗುಂಯ್ ಸದ್ದು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಆಫೀಸಿನಲ್ಲಿ ಅಣ್ಣ ಹೇಳಿಕಳಿಸಿದ್ದನ್ನು ಕೇಳಿದೆ. ಊಟಕ್ಕೆಂದು ಇಟ್ಟ ಹಣವನ್ನು ಅವನು ಬ್ಯಾಂಕಿನಿಂದಲೇ ಕಳಿಸುವವನಿದ್ದ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿ ಆಗ ಸಿಗುತ್ತಿರಲಿಲ್ಲವಲ್ಲ. ಅವನು ಆಗಲೂ ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದ, ಹೊಸತರಲ್ಲಿ ಈ ವಿನಾಯಿತಿಯೇ ಇರಲಿಲ್ಲ. ಅವರು ರಿಜಿಸ್ಟ್ರೇಷನ್ ಪತ್ರ ತೋರಿಸಿದರು, ಪ್ಯಾನ್ ನಂಬರ್ ಬರೆದುಕೊಂಡರು, ವರ್ಷದ ಕೊನೆಗೆ 10ಬಿಇ ಎಂಬ ದಾನದ ಸರ್ಟಿಫಿಕೇಟ್ ಕಳಿಸುತ್ತೇವೆ ಎಂದರು. ಕಾಗದಪತ್ರ ಕೇಳಿದರೆ ಅವರಿಗೆ ಬೇಸರವಾಗಬಹುದೆಂದು ನಾನು ಅಳುಕಿದ್ದೆ. ಅವರೇ "ಕೇಳಬೇಕು ಮೇಡಂ, ಎಲ್ಲ ಕಡೆ ಕೇಳಿ" ಎಂದರು. "ಒಟ್ಟಿಗೆ ಕೊಡುವ ಬದಲು ತಿಂಗಳಿಗಿಷ್ಟು ಅಂತ ಕೊಡ್ಲಿಕ್ಕೆ ಆಗ್ತದಾ ಕೇಳಿ. ಐನೂರಾದ್ರೂ ಸರಿ. ಕರೆಂಟ್ ಬಿಲ್ಲು, ಆಯಾಗಳ ಸಂಬಳ ತಿಂಗಳು ತಿಂಗಳು ಬರುವುದಲ್ವಾ?" ಅಣ್ಣ ಹಾಗೆಯೇ ಮಾಡಿದ. ಊಟದ ದುಡ್ಡು ಹನ್ನೆರಡು ತಿಂಗಳಿಗೆ ಹಂಚಿಹೋಯಿತು.

ಅಲ್ಲಿಂದ ಪ್ರಾಣಿಗಳ ಆಶ್ರಯ ತಲುಪುವಾಗ ಮಧ್ಯಾಹ್ನ. ಒದ್ದೆ ನಾಯಿಗಳ ವಾಸನೆ, ಬೊಗಳಾಟ. ಶೀಟಿನ ಕೆಳಗೆ ಹಗ್ಗದುದ್ದಕ್ಕೂ ಒದ್ದೆ ಬಟ್ಟೆಗಳು. ಮಳೆಗಾಲದಲ್ಲಿ ಇವರ ದೊಡ್ಡ ತಾಪತ್ರಯ ಇದೇ. ಹಾಸಿದ್ದು ಒಣಗುವುದಿಲ್ಲ. ಒದ್ದೆಯಲ್ಲಿ ಮಲಗಿದರೆ ನಾಯಿಗಳ ಚರ್ಮ ಕೆಡುತ್ತದೆ, ಆಪರೇಷನ್ ಆದವುಗಳ ಹೊಲಿಗೆ ಕೀವಾಗುತ್ತದೆ. ಹುಡುಗ ನನಗೆ ಒಂದೊಂದೇ ಗೂಡು ತೋರಿಸಿದ. ಕೆಲವು ನಾಯಿಗಳ ಕಿವಿಯ ತುದಿ ಸ್ವಲ್ಪ ಕತ್ತರಿಸಿತ್ತು. ಯಾರೋ ಗಾಯ ಮಾಡಿದ್ದೆಂದು ನಾನು ತಿಳಿದುಕೊಂಡಿದ್ದೆ. ಸಂತಾನಹರಣದ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿದ ಗುರುತು ಅದು, ನೋವಾಗದ ಹಾಗೆ ಮತ್ತಿನಲ್ಲಿ ಇರುವಾಗಲೇ ಮಾಡುವುದು ಎಂದ.

ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ. ಒಳಗೆ ನಾಲ್ಕು ಮರಿ. ನಾಲ್ಕೂ ಹೆಣ್ಣು.

"ಮೀನು ಮಾರ್ಕೆಟ್ ಹತ್ರ ಬಿಟ್ಟು ಹೋಗಿದ್ರು ಅಕ್ಕಾ. ಗಂಡು ಮರಿಯಾದ್ರೆ ಯಾರಾದ್ರೂ ತಗೊಂಡು ಹೋಗ್ತಾರೆ."

ಅವನು ಗೋಣಿಗೆ ಕೈ ಹಾಕಿ ಸಿಕ್ಕಿದ ಸೀರೆ ಎಳೆದ. ನೀಲಿ ಹೂವಿನದು. ಅಮ್ಮ ಹಪ್ಪಳ ಒಣಗಿಸುವ ದಿನಗಳಲ್ಲಿ ಉಡುತ್ತಿದ್ದದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯೊಳಗೆ ಹಾಸಿದ. ನಡುಗುತ್ತಿದ್ದ ಮರಿಗಳು ಮೂಸಿದವು, ಒಂದರ ಮೇಲೊಂದು ಬಿದ್ದವು, ಸ್ವಲ್ಪ ಹೊತ್ತಿಗೆ ಸುಮ್ಮನಾದವು. ನನಗೆ ಅಳು ತಡೆಯಲಾಗಲಿಲ್ಲ. ಹುಡುಗ ಏನೂ ಕೇಳದೆ ಒಂದು ಸ್ಟೂಲು ತಂದಿಟ್ಟ.

"ಒಂದು ತಿಂಗಳಲ್ಲಿ ಹರಿದುಹಾಕ್ತವೆ. ಆಮೇಲೆ ನೆಲ ಒರೆಸ್ಲಿಕ್ಕೆ ಆಗ್ತದೆ" ಎಂದ. ಅಮ್ಮನೂ ಹಳೇ ಸೀರೆಗೆ ಹಾಗೇ ಮಾಡುತ್ತಿದ್ದಳು. ಮೊದಲು ಮಕ್ಕಳ ಹೊದಿಕೆ, ಆಮೇಲೆ ಒರೆಸುವ ಬಟ್ಟೆ.

ಮರಿಗಳಿಗೆ ಮನೆ ಸಿಗುವವರೆಗೆ ಕೆಲವು ವಾರ ಯಾರಾದರೂ ತಮ್ಮ ಮನೆಯಲ್ಲಿ ಇಟ್ಟುಕೊಂಡರೆ ದೊಡ್ಡ ಉಪಕಾರ ಎಂದೂ ಹೇಳಿದ. ನಾನು ಫ್ಲ್ಯಾಟಿನಲ್ಲಿ ಇರುವವಳು, ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಆಗುವುದಿಲ್ಲ ಎಂದೆ. ಆಗದ್ದನ್ನು ಒಪ್ಪಿಕೊಂಡು ಮರಿಯನ್ನು ವಾಪಸ್ ತಂದುಬಿಡುವವರೇ ಜಾಸ್ತಿ ತೊಂದರೆ, ಹೇಳಿದ್ದು ಒಳ್ಳೆಯದಾಯಿತು ಎಂದ. ಪರಿಚಯದವರಿಗೆ ಮರಿಗಳ ಫೋಟೋ ಕಳಿಸುವ ಕೆಲಸ ಒಪ್ಪಿಕೊಂಡೆ. ಬಜಾಲ್‌ನ ಒಂದು ಮನೆಯವರು ಹೋಗಿ ಒಂದು ಮರಿಯನ್ನು ಕರೆದುಕೊಂಡು ಬಂದರು. ಉಳಿದ ಮೂರು ಅಲ್ಲೇ ಬೆಳೆದವು.

ರಾತ್ರಿ ಅಕ್ಕನ ಫೋನ್. ತುಂಬ ಹೊತ್ತು ಮಳೆಯ ವಿಷಯವೇ ಮಾತಾಡಿದಳು. ಆಮೇಲೆ ಕೇಳಿದಳು:

"ಹಸಿರು ಅಂಚಿನದನ್ನೂ ಕೊಟ್ಟಿಯಾ?"

"ಇಲ್ಲ. ಇಟ್ಟುಕೊಂಡಿದ್ದೇನೆ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಮರಿಗಳ ಫೋಟೋ ಕಳಿಸಲೇ ಎಂದೆ. ಬೇಡ, ಈಗ ಬೇಡ ಎಂದಳು. ಸ್ವಲ್ಪ ತಡೆದು, "ಆ ಅಜ್ಜಿಯ ಡಯಾಲಿಸಿಸ್ ಯಾವ ದಿನ?" ಅಂದಳು.

"ಮಂಗಳವಾರ, ಶುಕ್ರವಾರ. ವೆನ್ಲಾಕ್ ಆಸ್ಪತ್ರೆಯಲ್ಲಿ. ನಾಲ್ಕು ಗಂಟೆ ಕೂರಬೇಕು."

"ಶುಕ್ರವಾರ ನಾನು ಬರ್ತೇನೆ. ಅಜ್ಜಿಗೆ ಏನು ತಿನ್ಲಿಕ್ಕೆ ಆಗ್ತದೆ, ಏನು ಆಗುವುದಿಲ್ಲ ಅಂತ ಕೇಳಿಡು."