ನಕಾಶೆ ಯಾಕ ತಗಸ್ತೀರಿ ಸರ?

"ಸರ, ನೀವು ಸಮಾಜಶಾಸ್ತ್ರ ಕಲಸಾವ್ರು. ನಕಾಶೆ ಯಾಕ ತಗಸ್ತೀರಿ? ಅದು ಭೂಗೋಳದವರ ಕೆಲಸ ಅಲ್ಲೇನ್ರಿ?" ಧಾರವಾಡದಲ್ಲಿ ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಈ ಪ್ರಶ್ನೆ ಬರುತ್ತದೆ. ಬಂಧುಗಳೂ ಕೇಳಿದ್ದಾರೆ.

ಮೊದಲ ವಾರವೇ ಬಿಳಿ ಹಾಳೆ ಹಂಚಿ, ನಿಮ್ಮೂರಿನ ನಕಾಶೆ ತೆಗೀರಿ ಅನ್ನುತ್ತೇನೆ. ಒಂದು ವರ್ಷ ಹಾವೇರಿ ಕಡೆಯ ಒಂದೇ ಹಳ್ಳಿಯಿಂದ ಮೂವರು ಬಂದಿದ್ದರು. ಒಬ್ಬ ಹುಡುಗನ ಹಾಳೆಯಲ್ಲಿ ಬಸ್ ಸ್ಟ್ಯಾಂಡು, ಚಹಾದಂಗಡಿ, ಗುಡಿ ಮುಂದಿನ ಕಟ್ಟೆ, ಗರಡಿಮನೆ. ಹುಡುಗಿಯ ಹಾಳೆಯಲ್ಲಿ ನಳ, ಹಿಟ್ಟಿನ ಗಿರಣಿ, ಅಂಗನವಾಡಿ, ಹಿತ್ತಲಿನಿಂದ ಹಿತ್ತಲಿಗೆ ಹೋಗುವ ಕಾಲುದಾರಿ. ಕಟ್ಟೆ ಇಲ್ಲ. ಮರೆತೇನವ್ವಾ ಅಂದೆ. "ಇಲ್ರೀ ಸರ, ಅಲ್ಲೆ ಗಂಡಸ್ರು ಕುಂತಿರ್ತಾರ. ನಾವು ಆ ದಾರಿ ಹಿಡಿಯೂದಿಲ್ಲ."

ಮೂರನೆಯವನದು ಊರಾಚೆಯ ಕೇರಿ. ಮೊದಲ ಎರಡೂ ಹಾಳೆಗಳಲ್ಲಿ ಆ ಕೇರಿಯೇ ಇರಲಿಲ್ಲ. ಅವನ ಹಾಳೆಯ ನಟ್ಟನಡುವೆ ಅದೇ ಇತ್ತು, ಮನೆ ಮನೆಯೂ ಇತ್ತು. ಉಳಿದ ಊರು ಮೇಲಿನ ಮೂಲೆಯಲ್ಲಿ ಒಂದು ಖಾಲಿ ಚೌಕ. ಆ ಮೂರೂ ಹಾಳೆಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಗಡಿ ಮೊದಲು ಮನುಷ್ಯರ ನಡುವೆ ಹುಟ್ಟಿ, ಆಮೇಲೆ ನೆಲದ ಮೇಲೆ ಮೂಡುತ್ತದೆ ಎಂಬರ್ಥದ ಮಾತನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1903ರಲ್ಲೇ ಹೇಳಿದ್ದ. ನಾನು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಹಾಗೆ ಮೂಡಿದ ಗಡಿ ತಿರುಗಿ ಮನುಷ್ಯರನ್ನೇ ಹಿಡಿಯುತ್ತದೆ.

ಹುಬ್ಬಳ್ಳಿಯ ಸೆಟ್ಲಮೆಂಟ್ ನೋಡಿ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದ ಕಾಯ್ದೆಯನ್ನು ಬ್ರಿಟಿಷರು 1871ರಲ್ಲಿ ತಂದರು, ಮುಂದೆ ಮುಂಬಯಿ ಪ್ರಾಂತಕ್ಕೂ ಹಬ್ಬಿಸಿದರು. ಆ ಕುಟುಂಬಗಳನ್ನು ತಂದು ಒಂದೆಡೆ ಕೂಡಿಹಾಕಿ, ಹಾಜರಿ ಕೂಗಿ, ಕಣ್ಗಾವಲಿನಲ್ಲಿಟ್ಟ ಜಾಗ ಅದು. ಕಾಯ್ದೆ 1952ರಲ್ಲಿ ರದ್ದಾಯಿತು. ಜಾಗದ ಹೆಸರು ಉಳಿಯಿತು, ಹೆಸರಿನ ಜೊತೆ ಊರಿನವರ ಸಂಶಯವೂ ಉಳಿಯಿತು. ಅಲ್ಲಿಯ ಈಗಿನ ಮಕ್ಕಳ ಅಜ್ಜ ಮುತ್ತಜ್ಜಂದಿರನ್ನು ಕೂಡಿಹಾಕಿದವರು ಎಂದೋ ಹೋದರು.

"ನಿಮ್ದು ಯಾವ ಓಣಿ?" ಅಂತ ನಾವೆಲ್ಲ ಸಲೀಸಾಗಿ ಕೇಳುತ್ತೇವೆ. ಅದು ಎಷ್ಟೋ ಸಲ ದಾರಿ ತಿಳಿಯಲು ಕೇಳುವ ಪ್ರಶ್ನೆಯಲ್ಲ, ಜಾತಿ ತಿಳಿಯಲು ಕೇಳುವುದು. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಸೆಟ್ಲಮೆಂಟಿನಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಕೆಲಸದ ಅರ್ಜಿ ತುಂಬುತ್ತಿದ್ದ. ಹೆಸರು, ಅಂಕ ಎಲ್ಲ ಸರಸರ ಬರೆದವನು ವಿಳಾಸದ ಸಾಲಿಗೆ ಬಂದು ಪೆನ್ನು ಎತ್ತಿ ಹಿಡಿದು ಕೂತ. ನನ್ನ ಕಡೆ ಒಮ್ಮೆ ನೋಡಿ, ಪಕ್ಕದ ಬಡಾವಣೆಯ ಹೆಸರು ಬರೆದ.